ಸಾಹುಕಾರ ಮಡಚಿಟ್ಟ ಮಣ್ಣು

ಒಂದು ಊರು. ಆ ಊರಲ್ಲಿ ಉಂಡು ಉಟ್ಟು ಮಿಗುವಷ್ಟು ಇದ್ದ ಒಬ್ಬ ಸಾಹುಕಾರ. ಯಾವ ಊರು, ಏನವನ ಹೆಸರು ಎಂದು ಕೇಳಬೇಡಿ. ಹೆಸರು ಹೇಳಿಬಿಟ್ಟರೆ ನೀವೆಲ್ಲ "ಓಹೋ, ಅವನಾ!" ಎಂದು ಮಠದ ಗೋಡೆಗೊರಗಿ ಆರಾಮಾಗಿ ಕೂತುಬಿಡುತ್ತೀರಿ. ಇವತ್ತು ನಿಮ್ಮನ್ನು ಆರಾಮಾಗಿ ಕೂಡಿಸುವ ಮನಸ್ಸು ನನಗಿಲ್ಲ.

ಸಾಹುಕಾರ ಕೆಟ್ಟವನಲ್ಲ, ನೋಡಿ. ಮಠಕ್ಕೆ ದಾಸೋಹದ ಅಕ್ಕಿ ಕಳಿಸುತ್ತಿದ್ದ. ಸೋಮವಾರ ಒಪ್ಪೊತ್ತು ಮಾಡುತ್ತಿದ್ದ. "ನಾ ಯಾರಿಗೂ ಅನ್ಯಾಯ ಮಾಡಿದಾಂವ ಅಲ್ಲ" ಎಂದು ದಿನಕ್ಕೊಂದು ಸಲವಾದರೂ ಹೇಳಿಕೊಳ್ಳುತ್ತಿದ್ದ. ಹೀಗೆ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಇರಲಿ.

ಅವನು ಹೊಸದೊಂದು ಕಾರು ತಂದ. ಕಪ್ಪು ಬಣ್ಣದ್ದು. ಸೊಸೆಯ ತಪ್ಪನ್ನು ಅತ್ತೆ ಎಂದಾದರೂ ಮುಚ್ಚಿಟ್ಟಾಳೆಯೇ? ಕಪ್ಪು ಕಾರೂ ಹಾಗೆಯೇ, ಮೈಮೇಲಿನ ಒಂದು ಕಣ ಧೂಳನ್ನೂ ಮುಚ್ಚಿಡುವುದಿಲ್ಲ. ಊರ ಹೊರಗೆ ಜಲ್ಲಿ ಕ್ರಷರ್, ಊರೊಳಗೆ ಹೊಸದಾಗಿ ಹಾಕುತ್ತಿದ್ದ ಡಾಂಬರು. ಸಾಹುಕಾರ ಎಷ್ಟು ತೊಳೆದರೂ ಬಾನೆಟ್ಟಿನ ಮೇಲೆ ಕೈಯಾಡಿಸಿದರೆ ತರಿತರಿ. ಕಿಟಕಿಯ ಗಾಜಿನ ಮೇಲೆ ಡಾಂಬರಿನ ಹನಿ, ಹುಳ ಸತ್ತು ಅಂಟಿದ ಕಲೆ. ಕಣ್ಣಿಗೆ ತೊಳೆದ ಹಾಗೆ ಕಾಣುತ್ತದೆ, ಕೈಗೆ ಸುಳ್ಳು ಹೇಳಲಾಗುವುದಿಲ್ಲ. ಅವನಿಗೆ ಊಟ ಸೇರದಾಯಿತು. ಯಾಕೆಂದರೆ ಆಯುಧಪೂಜೆ ಹತ್ತಿರ ಬಂದಿತ್ತು, ಬೀಗರು ಬರುವವರಿದ್ದರು, ಅವರ ಮುಂದೆ ಗಾಡಿ ಥಳಥಳ ಅನ್ನಬೇಕಿತ್ತು.

ಆಗ ಅವನ ಅಳಿಯ ಒಂದು ಮಣ್ಣಿನ ತುಂಡು ತಂದುಕೊಟ್ಟ. ನಗಬೇಡಿ. ನಮ್ಮ ಹಿರಿಯರು ಮಣ್ಣಿನಿಂದ ಎತ್ತು ಮಾಡಿ ಪೂಜಿಸಿದರು, ಮಣ್ಣು ಹಚ್ಚಿ ತಲೆ ತೊಳೆದರು. ಈಗ ಕಾರು ತೊಳೆಯುವುದಕ್ಕೂ ಮಣ್ಣು ಬಂದಿದೆ. ಚಪಾತಿಯ ಕಣಕದಂತೆ ಮೆತ್ತಗಿರುತ್ತದೆ. ನಾದಿ, ಚಪ್ಪಟೆ ಮಾಡಿ, ಒದ್ದೆ ಮಾಡಿದ ಬಣ್ಣದ ಮೇಲೆ ಜಾರಿಸಿದರೆ ಸೋಪಿಗೂ ಬಿಡದ ಕೊಳೆ ಎದ್ದು ಅದಕ್ಕೆ ಅಂಟಿಕೊಳ್ಳುತ್ತದೆ.

ಅಳಿಯ ಹೇಳಿದ: "ಮಾಮಾರ, ಮೊದಲ ಗಾಡಿ ಚೊಲೋತಂಗ ತೊಳೀರಿ. ಆಮ್ಯಾಲ ಈ ಬಾಟ್ಲಿ ನೀರು ಹೊಡದು, ಮಣ್ಣ ಹಗೂರಕ ಜಾರಸ್ರಿ. ಒತ್ತಿ ತಿಕ್ಕಬ್ಯಾಡ್ರಿ. ಹೊಲಸಾತಂದ್ರ ಮಡಚಿ ಹೊಸಾ ಕಡೆ ಮ್ಯಾಲ ತಗೀರಿ. ಒಂದ ಮಾತು ನೆಪ್ಪಿಡ್ರಿ, ಕೆಳಗ ಬಿತ್ತಂದ್ರ ಒಗದಬಿಡ್ರಿ. ನೆಲದ ಉಸುಕು ಅದರಾಗ ಹೊಕ್ಕೊಂತಂದ್ರ ಬಣ್ಣಾನ ಕೆರದ ಬಿಡ್ತೈತಿ."

"ಗೊತ್ತೈತಿ ಬಿಡ್ರಿ ಅಳಿಯಂದ್ರ. ನಾ ಏನ್ ಸಣ್ಣ ಹುಡುಗನೇನು?"

ಗೊತ್ತಿತ್ತು. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವನಿಗೆ ಗೊತ್ತಿತ್ತು.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಸಾಹುಕಾರ, ರಾತ್ರಿಯಿಂದ ಮನೆಯ ಮುಂದೆಯೇ ನಿಂತಿದ್ದ ಕಾರಿನ ಹತ್ತಿರ ಹೋಗಿ ಪಂಚೆ ಎತ್ತಿ ಕಟ್ಟಿದ. ಅಷ್ಟರಲ್ಲಾಗಲೇ ಅವನ ಅಂಗಳ ಗುಡಿಸುವ ಹೆಣ್ಣುಮಗಳು ಬಂದು, ನೀರು ಚಿಮುಕಿಸಿ, ಬಾಗಿಲ ಮುಂದೆ ದೊಡ್ಡದೊಂದು ಬಣ್ಣದ ರಂಗೋಲಿ ಹಾಕಿ ಹೋಗಿದ್ದಳು. ಗಂಡ ತೀರಿಕೊಂಡವಳು. ಆ ಓಣಿಯ ಆರೇಳು ಮನೆಗಳ ಅಂಗಳವೇ ಅವಳ ಅನ್ನ. ಅವಳು ಗುಡಿಸುವಷ್ಟು ಚೆಂದ ಇನ್ಯಾರೂ ಗುಡಿಸುವುದಿಲ್ಲ ಎಂದು ಹೇಳುವುದಕ್ಕೆ ಈ ಕಥೆ ಹೇಳುತ್ತಿಲ್ಲ. ಎಲ್ಲರ ಹಾಗೆ ಗುಡಿಸುತ್ತಿದ್ದಳು. ಆದರೆ ಯಾರ ಮನೆಯ ಒಂದು ಕಡ್ಡಿಯನ್ನೂ ಮುಟ್ಟಿದವಳಲ್ಲ ಎಂಬ ಹೆಸರಿತ್ತು. ಇನ್ನೊಬ್ಬರ ಬಾಗಿಲಲ್ಲಿ ದುಡಿಯುವವರಿಗೆ ಆ ಹೆಸರು ಬಿಟ್ಟರೆ ಬೇರೆ ಆಸ್ತಿ ಏನಿದೆ ಹೇಳಿ?

ಸಾಹುಕಾರ ಬಾನೆಟ್ಟು ತೊಳೆದ, ನೀರು ಹೊಡೆದ, ಮಣ್ಣು ಜಾರಿಸಿದ. ಒಂದು ಮೂಲೆ ಹಸುಗೂಸಿನ ಕೆನ್ನೆಯಂತೆ ನುಣುಪಾಯಿತು. ಅವನ ಮುಖವೂ ಅರಳಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಬೀಗರದ್ದು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಒದ್ದೆ ಮಣ್ಣು. "ಬರ್ರಿ ಬರ್ರಿ, ಎಲ್ಲಾರೂ ಬರಬೇಕ್ರಿ" ಎನ್ನುತ್ತಾ ಕೈ ಬೀಸಿದ. ಮಣ್ಣು ಜಾರಿತು. ಎಲ್ಲಿ ಬಿತ್ತು? ರಂಗೋಲಿಯ ಗುಲಾಬಿ ಬಣ್ಣದ ಎಸಳಿನ ಮೇಲೆ ಪಚಕ್ಕನೆ ಬಿತ್ತು.

ರಂಗೋಲಿ ಎಂದರೆ ಏನು? ಕಲ್ಲಿನ ಪುಡಿ. ತಾಯಂದಿರಿಗೆ ಗೊತ್ತು, ಬೆರಳ ಸಂದಿಯಲ್ಲಿ ಹಿಡಿದರೆ ಹೇಗೆ ಕರಕರ ಅನ್ನುತ್ತದೆ ಎಂದು.

ಸಾಹುಕಾರ ಮಣ್ಣನ್ನು ಎತ್ತಿಕೊಂಡ. ಅಳಿಯನ ಮಾತು ನೆನಪಾಗಲಿಲ್ಲವೇ? ನೆನಪಾಯಿತು! ಜೊತೆಗೆ, ಇನ್ನೂ ಇಷ್ಟು ದಪ್ಪ ಇರುವ ತುಂಡನ್ನು ಹೇಗೆ ಎಸೆಯುವುದು ಎಂದೂ ಅನ್ನಿಸಿತು. ಉಫ್ ಎಂದು ಊದಿದ. ನೆಲಕ್ಕೆ ಬಿದ್ದ ಲಡ್ಡುವನ್ನು ಊದಿ ಬಾಯಿಗೆ ಹಾಕಿಕೊಳ್ಳುವ ಜನ ನಾವು, ನಮಗೆ ಊದಿದರೆ ಎಲ್ಲ ಶುದ್ಧ. ಪಂಚೆಗೆ ಒಂದು ಸಲ ಒರೆಸಿದ. ಮತ್ತೆ ಬಾನೆಟ್ಟಿನ ಮೇಲಿಟ್ಟು, ಹೊತ್ತಾಯಿತೆಂದು ಈ ಸಲ ಒತ್ತಿಯೇ ತಿಕ್ಕಿದ.

ಬಟ್ಟೆಯಿಂದ ಒರೆಸುವ ಹೊತ್ತಿಗೆ ಎದುರು ಮನೆಯ ಮಾಳಿಗೆ ದಾಟಿ ಬಿಸಿಲು ಬಾನೆಟ್ಟಿನ ಮೇಲೆ ಬಿತ್ತು. ಗೀರು! ಬೆಕ್ಕು ಕೆರೆದ ಹಾಗೆ ಈ ತುದಿಯಿಂದ ಆ ತುದಿಗೆ ಗೀರೇ ಗೀರು. ಸಾಹುಕಾರ ಬಗ್ಗಿ ನೋಡಿದ, ಮತ್ತೆ ಒರೆಸಿ ನೋಡಿದ. ಆಮೇಲೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದವನು ಮೊದಲು ತನ್ನ ಕೈ ನೋಡಿಕೊಳ್ಳುತ್ತಾನೆಯೇ? ಇಲ್ಲ. ಸುತ್ತ ನೋಡುತ್ತಾನೆ. ತನಗಿಂತ ಬಡವರು ಯಾರಿದ್ದಾರೆ ಎಂದು ನೋಡುತ್ತಾನೆ. ಆ ಹೆಣ್ಣುಮಗಳು ಪಕ್ಕದ ಮನೆಯ ಮುಂದೆ ಗುಡಿಸುತ್ತಿದ್ದಳು.

"ಏ! ಬಾ ಇಲ್ಲಿ! ಏನ್ ಮಾಡೀದಿ ನನ್ನ ಗಾಡಿಗೆ?"

ಅವಳು ಕಸಬರಿಗೆ ಹಿಡಿದುಕೊಂಡೇ ಓಡಿಬಂದಳು. "ಯಾಕ್ರೀ ಯಪ್ಪಾ, ಏನಾತ್ರಿ? ನಾ ಗಾಡಿ ಮುಟ್ಟಿಲ್ರೀ."

"ಮುಟ್ಟಿಲ್ಲಂತ! ಈ ಕಸಬರಗಿ ತಾಗಿಸೀದಿ. ಇಲ್ಲಂದ್ರ ರಂಗೋಲಿ ಕೈಲೆ ವರಸೀದಿ. ಕಣ್ಣ ಕಾಣೂದಿಲ್ಲೇನ ನಿನಗ?"

"ನಿಮ್ಮ ಪಾದದಾಣಿ, ಯಪ್ಪಾ. ಆ ಕಡೆ ನಾ ಹಾದಿಲ್ರೀ. ಬೇಕಾದ್ರ ನಿಮ್ಮ ಮನಿ ಅಕ್ಕಾರನ್ನ ಕೇಳ್ರಿ."

"ಬಾಯಿ ಮುಚ್ಚ! ಉಂಡ ಮನಿಗೆ ಎರಡು ಬಗೀತೀರಿ ನೀವು. ಹೊಸಾ ಗಾಡಿ ನೋಡಿ ಹೊಟ್ಟಿಕಿಚ್ಚು. ನಾಳಿಂದ ನನ್ನ ಬಾಗಲಾ ತುಳೀಬ್ಯಾಡ!"

ಓಣಿಯ ಬಾಗಿಲುಗಳೆಲ್ಲ ತೆರೆದವು. ಹೊಸ್ತಿಲ ಮೇಲೆ ಹೆಂಗಸರು, ಕಟ್ಟೆಯ ಮೇಲೆ ಗಂಡಸರು. ಅವಳು ಹತ್ತು ವರ್ಷದಿಂದ ಅವರ ಅಂಗಳ ಗುಡಿಸಿದವಳು. "ಆಕಿ ಅಂಥಾಕಿ ಅಲ್ರೀ" ಎಂದು ಒಂದು ಬಾಯಿ ತೆರೆಯಿತೇ? ಒಂದೇ ಒಂದು? ಇಲ್ಲ. ಸಾಹುಕಾರರ ಸಿಟ್ಟಿಗೆ ನಾವ್ಯಾಕೆ ಅಡ್ಡ ಹೋಗಬೇಕು ಎಂದು ಎಲ್ಲರೂ ನೋಡುತ್ತಾ ನಿಂತರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಓಣಿಯ ಕೊನೆಯ ಕಟ್ಟೆಗೆ ಹೋಗಿ ಕೂತಳು.

ಸಾಹುಕಾರ ಕಾರಿನತ್ತ ತಿರುಗಿದ. ಕಿಟಕಿಯ ಗಾಜಾದರೂ ಮಾಡಿ ಮುಗಿಸೋಣವೆಂದು ಮಣ್ಣು ತೆಗೆದುಕೊಂಡು ಕೆಳಮುಖ ಮೇಲೆ ಮಾಡಿದ. ಮಾಡಿದರೆ ಏನು ಕಂಡಿತು? ಗುಲಾಬಿ ಬಣ್ಣದ ಕಣ. ಬಿಳಿ ಕಣ. ಹಸಿರು ಕಣ. ಮಣ್ಣಿನ ತುಂಬ ರಂಗೋಲಿ. ಬೆರಳಾಡಿಸಿದ, ಕರಕರ ಎಂದಿತು. ಎಲ್ಲ ತಿಳಿಯಿತು. ಫೋನು, ಬಿದ್ದದ್ದು, ಊದಿದ್ದು, ಒತ್ತಿ ತಿಕ್ಕಿದ್ದು, ಎಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಇಲ್ಲಿಯವರೆಗೆ ಆದದ್ದು ದುಡುಕು. ದುಡುಕು ಯಾರಿಗಿಲ್ಲ? ಅವಳಿನ್ನೂ ಕಟ್ಟೆಯ ಮೇಲಿದ್ದಳು. ಓಣಿಯ ಜನರಿನ್ನೂ ಒಳಗೆ ಹೋಗಿರಲಿಲ್ಲ. "ಏ ತಂಗಿ, ಬಾರವಾ, ನನ್ನ ಕೈಲೇ ಆಗೇತಿ" ಎಂದು ಒಂದು ಕೂಗು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಕೂಗು! ಬೈಯುವಾಗ ಓಣಿಯೆಲ್ಲ ಕೇಳುವಷ್ಟಿದ್ದ ಗಂಟಲು ಆಗ ಎಲ್ಲಿ ಹೋಯಿತು?

ಅವನು ಏನು ಮಾಡಿದ ಗೊತ್ತೇ? ಮಣ್ಣನ್ನು ಮಡಚಿದ. ಗುಲಾಬಿ ಕಣವೆಲ್ಲ ಒಳಗೆ ಹೋಗುವಂತೆ ಮಡಚಿದ. ಹೊರಗೆ ಚೊಕ್ಕ ಮಾಡಿಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡ.

ಚಹಾ ತಂದ ಹೆಂಡತಿ ಅವನು ಮಡಚುವುದನ್ನು ನೋಡಿಬಿಟ್ಟಳು. "ರೀ, ಆ ಮಣ್ಣಾಗ ರಂಗೋಲಿ ಐತೆಲ್ರೀ. ನಿಮ್ಮ ಕೈಯಾಂದು ಕೆಳಗ ಬಿದ್ದಿದ್ದು ನಾ ಕಿಡಕ್ಯಾಗಿಂದ ನೋಡೀನಿ."

"ಸುಮ್ನಿರು. ಈಗ ಆಕಿನ್ನ ಕರದರ ಓಣಿ ಮಂದಿ ಮುಂದ ನನ್ನ ಮಾನ ಉಳೀತೈತೇನು?"

ಹೆಂಡತಿ ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಅವನ ಮಾನ! ಆ ಕಟ್ಟೆಯ ಮೇಲೆ ಕೂತವಳಿಗೆ ಮಾನವಿರಲಿಲ್ಲವೇ? ಸಾಹುಕಾರನ ಮಾನ ಹೋದರೆ ಅವನ ಮನೆಯ ಒಲೆ ಆರುತ್ತಿತ್ತೇ? ಅವಳದು ಆರಿತು. ಮರುದಿನ ಒಂದು ಮನೆಯವರು "ಬ್ಯಾರೇದಾಕಿನ್ನ ಹಚ್ಚೀವವಾ" ಎಂದರು. ಇನ್ನೊಂದು ಮನೆಯವರು "ಹಬ್ಬ ಮುಗೀಲಿ, ಹೇಳಿ ಕಳಸ್ತೀವಿ" ಎಂದರು. ಯಾರೂ ಹೇಳಿ ಕಳಿಸಲಿಲ್ಲ. ಇತ್ತ ಸಾಹುಕಾರ ಬಾನೆಟ್ಟಿನ ಗೀರಿನ ಮೇಲೆ ಚೆಂಡುಹೂವಿನ ಮಾಲೆ ಒತ್ತೊತ್ತಾಗಿ ಹಾಸಿ, ಗಾಲಿಗೆ ನಿಂಬೆಹಣ್ಣಿಟ್ಟು, ಆಯುಧಪೂಜೆ ಮಾಡಿದ. ಬೀಗರು ಹೊಗಳಿದರು. ಹೂವಿನ ಕೆಳಗೆ ಏನಿದೆ ಎಂದು ಯಾರು ನೋಡುತ್ತಾರೆ?

ಹಬ್ಬ ಕಳೆಯಿತು. ಹೆಂಡತಿ ದಿನಾ ಗಂಡನಿಗೆ ಅಂದು ಅಂದು, ಕೊನೆಗೆ ಅವನು ಒಪ್ಪಿದ. ಆ ಹೆಣ್ಣುಮಗಳಿಗೆ ಹೇಳಿ ಕಳಿಸಿದರು. ಎಲ್ಲಿಂದ ಕರೆದರು? ಹಿತ್ತಲ ಬಾಗಿಲಿಂದ. ಅಡುಗೆಮನೆಯಲ್ಲಿ ನಿಲ್ಲಿಸಿ, ಸಾಹುಕಾರ ಒಂದು ಹೊಸ ಸೀರೆ ಮುಂದೆ ಹಿಡಿದ.

"ಏನೋ ಸಿಟ್ಟಿನ್ಯಾಗ ಒಂದ್ ಮಾತು ಬಂತವಾ. ಮನಸಿನ್ಯಾಗ ಇಟ್ಕೋಬ್ಯಾಡ. ತಗೋ."

ಅವಳು ಸೀರೆ ಮುಟ್ಟಲಿಲ್ಲ. "ಹಂಗಂದ್ರ ಗಾಡಿ ನಾ ಕೆರದಿಲ್ಲಂತ ನಿಮಗ ಗೊತ್ತಾತೇನ್ರಿ?"

"ಹೂನವಾ, ಗೊತ್ತಾಗೇತಿ."

"ಯಾವಾಗ ಗೊತ್ತಾತ್ರಿ?"

ಸಾಹುಕಾರ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. ಕೇಳಿದವಳಿಗೆ ಅಷ್ಟು ಸಾಕಾಯಿತು.

"ಸೀರಿ ಒಲ್ಲೆರೀ ಯಪ್ಪಾ. ಬೈದಿದ್ದು ಓಣ್ಯಾಗ, ತಪ್ಪಾತು ಅನ್ನೂದು ಅಡಗಿಮನ್ಯಾಗೇನ್ರಿ? ಬರ್ರಿ, ಅಲ್ಲೇ ನಿಂತು ಅನ್ರಿ. 'ಈಕಿ ಕೆರದಿಲ್ಲ, ನನ್ನ ಕೈಲೇ ಆತು' ಅಂತ ಒಂದ ಸಲ ಅಂದಬಿಡ್ರಿ. ನನಗ ನಾಕ ಮನಿ ಬಾಗಲಾ ತೆರೀತಾವ."

ಸಾಹುಕಾರ ಎದ್ದ. ನಿಜಕ್ಕೂ ಎದ್ದ. ಪಡಸಾಲೆ ದಾಟಿ ಮುಂಬಾಗಿಲಿನ ಚಿಲಕಕ್ಕೆ ಕೈ ಹಾಕಿದ. ಹೊರಗೆ ಎದುರು ಮನೆಯವರು ಕಟ್ಟೆಯ ಮೇಲೆ ಕೂತು ಏನೋ ಹೇಳಿ ನಗುವುದು ಕೇಳಿಸಿತು. ಆ ನಗುವಿನ ನಡುವೆ ನಿಂತು ಈ ಮಾತು ಹೇಳಬೇಕಲ್ಲ ಎನ್ನಿಸಿತು. ನಾಲ್ಕು ಜನ ಏನೆಂದಾರು? ಚಿಲಕ ಬಿಟ್ಟ. ಅಡುಗೆಮನೆಗೆ ಮರಳಿ ಬಂದಾಗ ಅವನಿಗೆ ನಾಚಿಕೆ ಹೋಗಿ ಸಿಟ್ಟು ಬಂದಿತ್ತು.

"ಸಾಹುಕಾರ ಆಗಿ ನಾನ ಸೋತು ಬಂದೀನಿ, ಇಷ್ಟ ಸಾಲದೇನ ನಿನಗ? ಸೊಕ್ಕ ನೋಡ ಈಕಿದು!"

ಕೇಳಿದಿರಾ? ತಪ್ಪು ಮಾಡಿದವನು ಅವನು, ಸೊಕ್ಕು ಅವಳದಂತೆ! ಅವಳು ಬಂದ ದಾರಿಯಲ್ಲೇ ಹೋದಳು. ಈಗ ನಸುಕಿನಲ್ಲೆದ್ದು, ಬಸ್ಸು ಹತ್ತಿ, ಊರಿನ ಆ ತುದಿಗೆ ಹೋಗಿ ಗೊತ್ತಿಲ್ಲದವರ ಅಂಗಳ ಗುಡಿಸುತ್ತಾಳೆ. ಸಾಹುಕಾರನ ಕಾರಿಗೆ ಅಂಗಡಿಯಲ್ಲಿ ಪಾಲಿಶ್ ಆಯಿತು, ಒಂದು ಗೀರೂ ಉಳಿದಿಲ್ಲ. ಓಣಿಯಲ್ಲಿ ಮಾತ್ರ ಈಗಲೂ "ಹೊಟ್ಟಿಕಿಚ್ಚಿಗೆ ಗಾಡಿ ಕೆರದಾಕಿ" ಎಂದರೆ ಅವಳೇ.

ಮೊದಲಿಗೆ ನಗುತ್ತಿದ್ದಿರಿ, ಈಗ ಯಾಕೆ ಸುಮ್ಮನಾದಿರಿ? ಕಾರಿಲ್ಲದವರು ನಮಗಲ್ಲ ಈ ಮಾತು ಅಂದುಕೊಂಡಿರಾ? ಮನೆಯಲ್ಲಿ ಇಟ್ಟದ್ದು ಕಾಣದಾದಾಗ ಮೊದಲು ಯಾರ ಹೆಸರು ನಿಮ್ಮ ಬಾಯಿಗೆ ಬಂತು? ಆಮೇಲೆ ಅದು ನಿಮ್ಮ ಕಪಾಟಿನಲ್ಲೇ ಸಿಕ್ಕಾಗ ಎಷ್ಟು ಜನರಿಗೆ ಕೂಗಿ ಹೇಳಿದಿರಿ? ಅಂಗಡಿಯ ಆಳಿನ ಮೇಲೆ ತಪ್ಪು ಹಾಕಿದ್ದೀರಿ, ಸೊಸೆಯ ಮೇಲೆ ಹಾಕಿದ್ದೀರಿ, ತಮ್ಮನ ಹೆಂಡತಿಯ ಮೇಲೆ ಹಾಕಿದ್ದೀರಿ. ಸತ್ಯ ತಿಳಿದ ದಿನ ಮಡಚಿ ಒಳಗಿಟ್ಟುಕೊಂಡಿದ್ದೀರಿ. ತಾಯಂದಿರೇ, ಆ ಹೆಂಡತಿಯ ಮೇಲೆ ಸಿಟ್ಟು ಬಂತಲ್ಲವೇ? ಹೊಸ್ತಿಲ ಮೇಲೆ ನಿಂತು ನೋಡಿದವರು ಯಾರು ಮತ್ತೆ? ನೀವೇ. ನಾವೇ.

ದಾನ ಮಾಡಿ ಇದನ್ನು ತೀರಿಸಲಾಗುವುದಿಲ್ಲ. ಮಠಕ್ಕೆ ಅಕ್ಕಿ ಕಳಿಸಿದರೆ ಈ ಮಠ ಅದನ್ನು ನಿಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲ, ಈ ಪೀಠದಲ್ಲಿ ಕೂತ ನಾನೇ ಹೇಳುತ್ತಿದ್ದೇನೆ. ಸಿಟ್ಟು ಬಂದಾಗ ಬಾಯಿ ತೆರೆಯುವ ಮೊದಲು ನಿಮ್ಮ ಕೈಯನ್ನು ತಿರುಗಿಸಿ ನೋಡಿಕೊಳ್ಳಿ. ತಪ್ಪಿ ಅಂದುಬಿಟ್ಟರೆ, ತಿಳಿದ ಗಳಿಗೆಯಲ್ಲೇ, ಅಂದ ಜಾಗದಲ್ಲೇ, ಅಂದಷ್ಟೇ ಗಟ್ಟಿಯಾಗಿ ಹಿಂದಕ್ಕೆ ತೆಗೆದುಕೊಳ್ಳಿ. ಹತ್ತು ಜನರ ಮುಂದೆ ಅಂದದ್ದನ್ನು ಆ ಹತ್ತು ಜನರ ಮುಂದೆಯೇ ಅಳಿಸಬೇಕು. ಹಿತ್ತಲಲ್ಲಿ ಸೀರೆ ಕೊಟ್ಟು ಅಲ್ಲ.

ಒಳಗೆ ಪ್ರಸಾದಕ್ಕೆ ಎಲೆ ಹಾಕಿದ್ದಾರೆ, ವಾಸನೆ ನನಗೂ ಬರುತ್ತಿದೆ. ಕಥೆ ಕೇಳುವಾಗ ನಿಮಗೆ ಯಾರದಾದರೂ ಮುಖ ನೆನಪಾಗಿದ್ದರೆ, ನೆನಪಾಗಿಯೇ ಇದೆ, ಆ ಎಲೆಯ ಮುಂದೆ ಕೂಡಬೇಡಿ. ಎದ್ದು ಹೋಗಿ. ಅವರ ಓಣಿಗೆ ಹೋಗಿ ನಿಂತು, ಬಾಗಿಲುಗಳು ತೆರೆಯುವಷ್ಟು ಜೋರಾಗಿ ಅವರ ಹೆಸರು ಹಿಡಿದು ಕರೆಯಿರಿ. "ನೀವು ಮಾಡಿಲ್ಲ, ನನ್ನ ಕೈಯಿಂದಲೇ ಆಯಿತು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಹೇಳಿ ಬಂದವರಿಗೆ ನಾನೇ ನಿಂತು ಬಡಿಸುತ್ತೇನೆ, ಎಷ್ಟು ಹೊತ್ತಾದರೂ ಸರಿ.