ಉಣಕಲ್ ಸಾವುಕಾರನ ಕಣ್ಣು

ಆ ರಾತ್ರಿ ನಮ್ಮ ಬಾಜೂಮನಿ ದತ್ತು ಉಣಕಲ್ ಕೆರಿ ದಂಡಿ ಹಿಡಕೊಂಡು ಹುಬ್ಬಳ್ಳಿ ಕಡೆ ಒಬ್ಬನೇ ಹೊಂಟಿದ್ದ. ಬಗಲಾಗ ಕ್ಯಾಮರಾ ಪೆಟಿಗಿ, ಹೆಗಲಮ್ಯಾಲೆ ಅದರ ಮೂರುಕಾಲಿನ ಸ್ಟ್ಯಾಂಡು. ಸ್ಟ್ಯಾಂಡಿನ ತಿರುಪು ಸಡಲಾಗಿ ಕಿರಕ್... ಕಿರಕ್... ಅಂತಿತ್ತು. ಓಣ್ಯಾಗ ಅವನಷ್ಟು ಗಟ್ಟಿ ಗುಂಡಿಗಿ ಯಾರಿಗೂ ಇರಲಿಲ್ಲ, ನನ್ನ ಬಿಟ್ರ. ಅಂಥಾವ ದಾರ್‍ಯಾಗ ಕುಕ್ಕರಗಾಲಿಲೆ ಕುಂತು ವಾಂತಿ ಮಾಡಿಕೊಂಡಿದ್ದ.

ಯಾಕಂದ್ರ... ಎರಡನೇ ಮಹಾಯುದ್ಧ ಸುರು ಆಗೂ ಮೊದಲಿನ ಮಾತಿದು. ಮೀಸಿ ಚಿಗರೂ ವಯಸ್ಸಿನ ದತ್ತೂಗ ಒಂದು ಪೇಪರಿನವರು ಮೊದಲನೇ ಕೆಲಸ ಹೇಳಿದ್ರು. ಉಣಕಲ್ಲಿನ ಹತ್ತಿ ಸಾವುಕಾರ ಕುಬೇರಪ್ಪ ತೀರಿದ್ದ. ಜೀವ ಇದ್ದಾಗ ಒಂದು ಫೋಟೋನೂ ತಗಿಸಿದಾಂವಲ್ಲ.

"ಕಣ್ಣು ಬಿಟ್ಟ ಫೋಟೋ ತಂದ್ರ ನೌಕರಿ ಪಕ್ಕಾ," ಅಂದಿದ್ದ ಸಂಪಾದಕ. "ಹೆಣದ ಫೋಟೋ ತಂದ್ರ ಇತ್ತಲಾಗ ಬರಬ್ಯಾಡ."

ಲಿಂಗಾಯತರೊಳಗ ಹೆಣಾ ಕುಂಡ್ರಸತಾರಲ್ಲ... ವಿಭೂತಿ ಬಳದು, ರುಮಾಲು ಸುತ್ತಿ, ಗ್ವಾಡಿಗೆ ಆನಿಸಿ ಕುಂಡ್ರಿಸಿದ್ರು. ಫೋಟೋಕ್ಕಂತನ ಕುಂತಂಗಿತ್ತು. ಕಣ್ಣಷ್ಟ ಮುಚ್ಚಿದ್ದುವು.

"ತಮ್ಮಾ, ಆ ಕಣ್ಣು ನನ್ನ ಕೈಲೆ ಮುಚ್ಚೇನಿ. ಮುಟ್ಟಬ್ಯಾಡಪಾ," ಅಂದ್ಲು ಹೆಂಡತಿ ರತ್ನವ್ವ.

"ಇಲ್ಲರೀ ಅವ್ವಾರ."

ಮುದುಕಿ ಒಳಗ ಹೋದ್ಲು. ಭಜನಿಯವರು ಚಹಾಕ್ಕ ಎದ್ದರು. ಅವರೊಳಗ ಮಹಾದೇವಪ್ಪ ಅನ್ನಾಂವ ಹೋಗ್ತ ಹೋಗ್ತ ಚಾಷ್ಟಿ ಮಾಡಿದ: "ಅಳ್ಳಾಡಬ್ಯಾಡ್ರಿ ಅಂತ ಸಾವುಕಾರ್ರಿಗೆ ಹೇಳೋ ತಮ್ಮಾ!"

ದತ್ತು ಎರಡು ಬೆರಳಿಗೆ ಗೋಂದು ಹಚ್ಚಿಕೊಂಡು ರೆಪ್ಪಿ ಎತ್ತಿ ಮ್ಯಾಲೆ ಅಂಟಿಸಿದ. ಪಚ್... ಬ್ಯಾಸಗಿ ಹೆಣ. ಊದಿನಕಡ್ಡಿ ವಾಸನಿ ಕೆಳಗಿಂದ ಇನ್ನೊಂದು ವಾಸನಿ ಎದ್ದು ಬಾಯಾಗ ಹೊಕ್ಕಿತು. ಕಣ್ಣಗುಡ್ಡಿಮ್ಯಾಲೆ ಹಳದಿ ಪೊರಿ. ರೆಪ್ಪಿ ಸಂದಿಯಿಂದ ತಣ್ಣನ್ನ ನೀರು ಬೆರಳಿಗೆ ಇಳೀತು. ಕ್ಯಾಮರಾದ ಬಾಯಿ ತಗದು, ಫೋಟೋಕ್ಕ ಬೆಳಕು ಮಾಡೂ ಪುಡಿ ಸುಟ್ಟ. ಭಸ್! ಅಷ್ಟರಾಗ ಹೊರಗ ಹೆಜ್ಜಿ ಸಪ್ಪಳ. ಹೆಣದ ರುಮಾಲು ಹುಬ್ಬಿನ ಕೆಳಗ ಎಳದು ಓಟಾ ಹೊಡದ. ಕಣ್ಣು ಹಂಗ ಬಿಟ್ಟಿದ್ದುವು.

ಈಗ ವಾಂತಿ ಮಾಡಿ ಎದ್ದು, ಕೆರಿ ದಂಡಿ ಆಲದಮರದ ಕೆಳಗ ಬಂದ. ಕಿರಕ್ ಅನ್ನೂದು ನಿಂತಿತು... ಅಂವ ಮಾತ್ರ ನಡದೇ ಇದ್ದ.

"ತಮ್ಮಾ..."

"ಯಾ... ಯಾರ್ರೀ?"

"ನಾಳೆ ಮಣ್ಣು ಹಾಕತಾರೋ... ಕಣ್ಣಾಗ ಬೀಳತೈತಿ. ಮುಚ್ಚು."

ದತ್ತು ಕೈ ಚಾಚಲಿಲ್ಲ. ಕೈ ತಾನ ಎದ್ದಿತು. ಕತ್ತಲಾಗ ಬೆರಳಿಗೆ ಹತ್ತಿದ್ದು ತಣ್ಣಗ, ಜಿಗಟ ಜಿಗಟ... ಒಳಗ ಏನೋ ಮಿಸುಕತಿತ್ತು. ಒತ್ತಿದ. ಪಚ್...

"ಇನ್ನೊಂದು."

ಪಚ್...

"ಹಾಂ," ಅಂತು ದನಿ, ನಿದ್ದಿ ಹತ್ತಿದವರಂಗ.

ಮುಂಜಾನೆ ಪೇಪರಿನ ಕತ್ತಲಕೋಣ್ಯಾಗ ಫೋಟೋದ ಗಾಜು ತೊಳದ್ರ, ಕುಬೇರಪ್ಪ ಎರಡೂ ಕಣ್ಣು ಮುಚ್ಚಿ ಕುಂತಿದ್ದ. "ಹೆಣಾನ ತಂದೆಲ್ಲೋ ಖೋಡಿ! ನಡಿ ಮನಿಗೆ," ಅಂದ ಸಂಪಾದಕ. ನೌಕರಿ ಹೋತು.

ಮುಂದ ಧಾರವಾಡದಾಗ ದತ್ತು ಬ್ಯಾರೆ ಪೇಪರಿಗೆ ಫೋಟೋ ತಗದು ದೊಡ್ಡ ಹೆಸರು ಮಾಡಿದ, ಬಿಡ್ರಿ. ಆದ್ರ ಪಂಕ್ತಿಗೆ ಕುಂತ್ರ, ಎಲಿಮ್ಯಾಲಿನ ಹೋಳಿಗಿ ಬಿಟ್ಟು ನೊಣ ಎಲ್ಲಾ ಅವನ ಆ ಎರಡು ಬೆರಳಿಗೇ ಮುಕರತಿದ್ದುವು. ಝಾಡಿಸಿದ್ರೂ ಏಳತಿದ್ದಿಲ್ಲ. ಥೂ... ಅವನ ಮಗ್ಗಲದಾಗ ಕುಂತು ಉಂಡಾಂವ ನಾ. ಖರೇ ಅಂದ್ರ ಖರೇ. ಮೂರನೇ ಬೆರಳಿಗೆ ಒಂದೂ ಕೂಡತಿದ್ದಿಲ್ಲ.