ಹಳಿಯ ಮೇಲೆ ಎರಡು ಪಟಾಕಿ

ಹೆಸರು: ಫಿದೆನ್ಸಿಯೋ ಅರೆದೊಂದೊ. ವಯಸ್ಸು: 46. ಕಸುಬು: ರೈಲ್ವೆಯಲ್ಲಿ ಬಾವುಟ ತೋರಿಸುವವನು, ಹತ್ತೊಂಬತ್ತು ವರ್ಷದಿಂದ, ಈಗ ಮುಷ್ಕರದಲ್ಲಿ. ವಾಸ: ರೈಲು ಶೆಡ್ಡಿನ ಹಿಂದಿನ ಓಣಿ, ಸಾನ್ ಲೂಯಿಸ್ ಪೊತೊಸಿ, ಮೆಕ್ಸಿಕೊ.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಸೋಮವಾರಕ್ಕೆ ದೇಶದ ರೈಲು ನೌಕರರ ಮುಷ್ಕರ ಶುರುವಾಗಿ ಐದು ದಿನ. ಸೈನಿಕರು ಶನಿವಾರವೇ ಊರಿಗೆ ಬಂದು ನಿಲ್ದಾಣ, ಶೆಡ್ಡು, ಸೇತುವೆ ಹಿಡಿದಿದ್ದರು. ಗಂಡಸರು ಹಳಿಯ ಹತ್ತಿರ ಸುಳಿದರೆ ಹಿಡಿದೊಯ್ಯುತ್ತಿದ್ದರು. ಆದ್ದರಿಂದ ನಿನ್ನೆ ಮಧ್ಯಾಹ್ನ 3 ಗಂಟೆಗೆ ನಮ್ಮ ಓಣಿಯ ಹನ್ನೊಂದು ಹೆಂಗಸರು ಗಾಡಿ ತಡೆಯಲೆಂದು ಹೋಗಿ ಹಳಿಯ ಮೇಲೆ ಕುಳಿತರು. ಅವರಲ್ಲಿ ನನ್ನ ಹೆಂಡತಿ ತೊಮಾಸಾ ಒಬ್ಬಳು. ಬೇಡವೆಂದೆ. "ನೀನು ಮನೇಲಿ ಕಾಳು ಬೇಯಿಸ್ತಾ ಇರು ಮಾರಾಯ, ಉಪ್ಪು ಹಾಕೋದು ಮಾತ್ರ ಮರೀಬೇಡ" ಎಂದು ನಕ್ಕು ಹೋದಳು.

3.40ಕ್ಕೆ ಸೇತುವೆಯ ಕಡೆ ಎಂಜಿನ್ ಹೊಗೆ ಕಂಡಿತು. ಅಲ್ಲಿ ಹಳಿ ತಿರುಗುತ್ತದೆ. ಆಚೆ ಕುಳಿತವರು ಡ್ರೈವರನಿಗೆ ಕಾಣುವುದಿಲ್ಲ. ನನ್ನ ಕೋಟಿನ ಜೇಬಿನಲ್ಲಿ ಹಳಿಗೆ ಕಟ್ಟುವ ಎಚ್ಚರಿಕೆ ಪಟಾಕಿ ಮೂರಿದ್ದವು. ಮುಷ್ಕರವಾದರೂ ಕೋಟು ಅದೇ. ಚಕ್ರ ಹತ್ತಿದರೆ ಅವು ಸಿಡಿಯುತ್ತವೆ. ಎರಡು ಸದ್ದು ಕೇಳಿದ ಡ್ರೈವರ್ ಬ್ರೇಕು ಹಾಕಲೇಬೇಕು. ನಮ್ಮ ಕೆಲಸದಲ್ಲಿ ಮೊದಲ ವಾರ ಕಲಿಸುವುದೇ ಇದು. ಬೇಲಿ ಹಾರಿ, ಹೆಂಗಸರಿಂದ ನಾನೂರು ಮೀಟರ್ ಸೇತುವೆಯ ಕಡೆಗೆ ಎರಡನ್ನು ಹಳಿಗೆ ಕಟ್ಟಿ ಪೊದೆಯ ಹಿಂದೆ ನಿಂತೆ. ಎಂಜಿನ್ ನಡೆಸುತ್ತಿದ್ದವನು ಸೈನಿಕ, ಅವನಿಗೆ ಈ ಸದ್ದಿನ ಅರ್ಥ ಗೊತ್ತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

3.46ಕ್ಕೆ ಎರಡೂ ಸಿಡಿದವು. ಗಾಡಿಯ ಮೇಲಿದ್ದ ಸೈನಿಕರು "ಗುಂಡು, ಗುಂಡು!" ಎಂದು ಕೂಗಿ ಬಂದೂಕು ಎತ್ತಿದರು. ಆ ಕೂಗಿಗೆ ಡ್ರೈವರ್ ಬ್ರೇಕು ಹಾಕಿದ, ಗಾಡಿ ನಿಧಾನವಾಗುತ್ತಾ ತಿರುವಿನಾಚೆ ಹೋಯಿತು. ನಾಲ್ಕು ಗುಂಡಿನ ಸದ್ದು ಕೇಳಿದೆ. ಓಡಿದೆ.

ಪಕ್ಕದ ಮನೆಯ ಕ್ರಿಸ್ಪಿನಾ ಹೇಳಿದ್ದು: ಪಟಾಕಿ ಸಿಡಿದಾಗ ಹೆಂಗಸರೆಲ್ಲ ಚರಂಡಿಗೆ ಹಾರಿದರಂತೆ. ತೊಮಾಸಾ ಮಾತ್ರ ಹಳಿಯ ಮೇಲೆ ಎದ್ದು ನಿಂತು, "ಹೆದರಬೇಡ್ರೇ, ಅದು ನಮ್ಮನೆಯವನ ಪಟಾಕಿ ಕಣ್ರೇ! ಗಾಡಿ ನಿಲ್ಲುತ್ತೆ" ಎಂದು ಕೆಂಪು ಶಾಲು ಬೀಸಿದಳಂತೆ. ಬೀಸುವುದನ್ನು ಕಲಿಸಿದವನು ನಾನೇ. ನಾನು ಅಲ್ಲಿಗೆ ಮುಟ್ಟುವಾಗ ಗುಂಡು ತಗುಲಿ ಬಿದ್ದಿದ್ದಳು, ಉಸಿರಿರಲಿಲ್ಲ.

ಸೈನಿಕರ ಮೇಲೆ ಮೊದಲು ಪಿಸ್ತೂಲು ಹಾರಿಸಿದರೆಂದು ನಮ್ಮ ಶೆಡ್ಡಿನ ಎಲಾದಿಯೋ ಮತ್ತು ಇನ್ನಿಬ್ಬರು ಮುಷ್ಕರದವರನ್ನು ಒಳಗೆ ಹಾಕಿದ್ದೀರಿ. ಅವರ ಹತ್ತಿರ ಪಿಸ್ತೂಲು ಇರಲಿಲ್ಲ. ಸದ್ದು ನನ್ನದು. ಉಳಿದ ಮೂರನೆಯ ಪಟಾಕಿಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ.

ಬರೆದುಕೊಳ್ಳುತ್ತಿರುವ ಸಾಹೇಬರು, "ಸುಮ್ಮನೆ ಹೋಗಿ ಹೆಂಡತೀನ ಮಣ್ಣು ಮಾಡಯ್ಯ, ಇದಕ್ಕೆ ಸಹಿ ಹಾಕಿದ್ರೆ ನೀನೂ ಒಳಗೇ" ಎಂದರು. ಮಣ್ಣು ಇಂದು ಸಂಜೆ 5ಕ್ಕೆ. ಬಿಟ್ಟರೆ ಹೋಗುತ್ತೇನೆ. ಬಿಡದಿದ್ದರೆ ಇಷ್ಟಾದರೂ ಬರೆದುಕೊಳ್ಳಿ: ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಗಾಡಿ ನಿಂತಿತು, ಅವಳಿಂದ ಅರವತ್ತು ಮೀಟರ್ ದೂರದಲ್ಲಿ.

ಇದನ್ನು ಓದಿಸಿ ಕೇಳಿದ್ದೇನೆ. ಒಂದು ಕಡೆ ಪಿಸ್ತೂಲು ಎಂದು ಬರೆದದ್ದನ್ನು ಹೊಡೆದುಹಾಕಿಸಿ ಪಟಾಕಿ ಎಂದು ಬರೆಸಿದ್ದೇನೆ. ಈಗ ಎಲ್ಲವೂ ನಿಜ.

ಸ್ಥಳ: ಸಾನ್ ಲೂಯಿಸ್ ಪೊತೊಸಿ
ದಿನಾಂಕ: 31 ಮಾರ್ಚ್ 1959, ಮಧ್ಯಾಹ್ನ 2.15
ಸಹಿ: ಫಿದೆನ್ಸಿಯೋ ಅರೆದೊಂದೊ