ಕೊನೆಯ ಸುತ್ತಿನ ಪಾರಿವಾಳ

ಹೆಸರು: ವೀರ್ಲೆ ಕಾಲೆವಾರ್ಟ್. ತಂದೆ: ಉರ್ಬಾನ್ ಕಾಲೆವಾರ್ಟ್. ವಯಸ್ಸು: 44 ವರ್ಷ. ಉದ್ಯೋಗ: ಶಾಲಾ ಬಸ್ ಚಾಲಕಿ. ವಾಸ: ಮನೆ ನಂ. 9, ಗಿರಣಿ ಬೀದಿ, ವಾಲರ್‌ಬೇಕೆ ಗ್ರಾಮ, ಪಶ್ಚಿಮ ಫ್ಲಾಂಡರ್ಸ್.

ಮೇಲ್ಕಂಡ ವಿಳಾಸದ ನಾನು ಈ ದಿನ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನಾನು ಉರ್ಬಾನ್ ಕಾಲೆವಾರ್ಟ್, 71 ವರ್ಷ, ಇವರ ವಿರುದ್ಧ ದೂರು ಕೊಡುತ್ತಿದ್ದೇನೆ. ಇವರು ನನ್ನ ತಂದೆ. ಈ ಹೇಳಿಕೆಯಲ್ಲಿ ಅವರನ್ನು ಹೆಸರಿನಿಂದಲೇ ಕರೆಯುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಮೂರು ಬೀದಿಗಳಿವೆ. ಮಾತುಕತೆ ಕಡಿಮೆ. ಆಸ್ತಿ ವ್ಯಾಜ್ಯ ಇಲ್ಲ.

ನಮ್ಮ ಊರಿನ ಜಾತ್ರೆಯ ಭಾನುವಾರ ಹವ್ಯಾಸಿ ಮಹಿಳೆಯರ ಸೈಕಲ್ ಸ್ಪರ್ಧೆ ನಡೆಯುತ್ತದೆ. ಈ ಬಾರಿ ಐದೂವರೆ ಕಿಲೋಮೀಟರಿನ ಹನ್ನೆರಡು ಸುತ್ತು, ಮೂವತ್ತೆಂಟು ಮಂದಿ. ಇದರಲ್ಲಿ ನಾನು ಭಾಗವಹಿಸಿದ್ದು ಹನ್ನೊಂದನೇ ಸಲ. ಬೇರೆ ಊರುಗಳಲ್ಲಿ ಎರಡು ಬಾರಿ ಗೆದ್ದಿದ್ದೇನೆ. ನನ್ನ ಊರಲ್ಲಿ ಒಮ್ಮೆಯೂ ಗೆದ್ದಿಲ್ಲ. ಮಾರ್ಚ್ ತಿಂಗಳಲ್ಲಿ ಮೊಣಕಾಲಿನ ವೈದ್ಯರು ಇದೇ ಕೊನೆಯ ವರ್ಷ ಎಂದು ಹೇಳಿದ್ದಾರೆ. ಅದನ್ನು ಉರ್ಬಾನ್ ಅವರಿಗೂ ತಿಳಿಸಿದ್ದೆ.

ಮುಕ್ತಾಯದ ಗೆರೆ ಎಂದಿನಂತೆ ಚರ್ಚಿನ ಮುಂದೆ ಇರಬೇಕಿತ್ತು. ಅಲ್ಲಿ ಒಳಚರಂಡಿಗೆ ರಸ್ತೆ ಅಗೆದಿರುವುದರಿಂದ ಸೈಕಲ್ ಕ್ಲಬ್ಬಿನವರು ಅದನ್ನು ಉರ್ಬಾನ್ ಅವರ ಬೀದಿಗೆ ತಂದರು. ಗೆರೆಯಿಂದ ಎಪ್ಪತ್ತು ಮೀಟರ್ ಹಿಂದೆ ಅವರ ಮನೆ. ಹಿತ್ತಲಲ್ಲಿ ಪಾರಿವಾಳದ ಗೂಡು. ಗೆರೆ ತಂದದ್ದು ನಾನಲ್ಲ. ನಾನೇ ತರಿಸಿದ್ದು ಎಂದು ಅವರು ಎರಡು ವಾರಗಳಿಂದ ಕೆಫೆಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ಉರ್ಬಾನ್ ಅವರ ಹಕ್ಕಿಯೂ ಇದ್ದ ಪಾರಿವಾಳದ ಹಾರಾಟ ಸ್ಪರ್ಧೆ ಶನಿವಾರ ನಡೆಯಬೇಕಿತ್ತು. ಫ್ರಾನ್ಸಿನ ಲಿಮೋಜ್‌ನಲ್ಲಿ ಮಳೆ ಇದ್ದುದರಿಂದ ಹಕ್ಕಿಗಳನ್ನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಬಿಟ್ಟರು. ಆರುನೂರು ಕಿಲೋಮೀಟರ್ ಹಾರಿ ಬರಬೇಕು. ಹಕ್ಕಿ ಗೂಡಿನ ಬಾಗಿಲಿನ ಹಲಗೆಯ ಮೇಲೆ ಕಾಲಿಟ್ಟಾಗಲೇ ಯಂತ್ರ ಅದರ ಕಾಲುಂಗುರವನ್ನು ಗುರುತಿಸಿ ಸಮಯ ದಾಖಲಿಸುತ್ತದೆ. ಮಾಡಿನ ಮೇಲೆ ಬಂದು ಕೂತರೆ ಬಂದಂತಲ್ಲ. ಇದು ನನಗೆ ಗೊತ್ತು. ಮದುವೆಯಾಗುವ ತನಕ ಆ ಗೂಡು ಗುಡಿಸಿದವಳು ನಾನು.

ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕೆಫೆಯ ಹಿಂಬದಿಯ ಕೋಣೆಯಲ್ಲಿ ಸ್ಪರ್ಧಿಗಳಿಗೆ ಸಂಖ್ಯೆ ಕೊಡುತ್ತಿದ್ದ ಮೇಜಿಗೆ ಉರ್ಬಾನ್ ಬಂದರು. ಕ್ಲಬ್ಬಿನ ಗಾಸ್ತೋನ್ ವಾನ್‌ಡೆವೀಲೆ ಅಲ್ಲಿದ್ದರು. ಉರ್ಬಾನ್ ಗಾಸ್ತೋನ್‌ಗೆ, "ಮೂರೂವರೆಗೆ ನನ್ನ ಹಕ್ಕಿ ಬರುತ್ತೆ. ಆ ಬಾಯಿಬಡುಕ ಮೈಕ್ ಆಗ ಮುಚ್ಚಿರಬೇಕು" ಎಂದರು. ಗಾಸ್ತೋನ್, "ಉರ್ಬಾನ್, ವರ್ಷಕ್ಕೊಂದೇ ಸಲ ಕಣಯ್ಯಾ. ನಿನ್ನ ಹಕ್ಕಿ ಕಿವಿಗೆ ಹತ್ತಿ ಇಟ್ಕೊ ಅನ್ನು" ಎಂದರು. ಕೋಣೆಯಲ್ಲಿದ್ದ ಹೆಂಗಸರು ನಕ್ಕರು. ಉರ್ಬಾನ್ ನನ್ನ ಕಡೆ ತಿರುಗಿ, "ನೀನೂ ನಗು. ನಲವತ್ತು ದಾಟಿದ ಹೆಂಗಸು, ಚಡ್ಡಿ ಹಾಕ್ಕೊಂಡು ಊರು ಸುತ್ತೋಕೆ ಬೀದಿ ಬೇರೆ ಮುಚ್ಚಿಸ್ಬೇಕಾ ನಿಂಗೆ" ಎಂದು ಎಲ್ಲರ ಮುಂದೆ ಹೇಳಿದರು. ನಾನು ನಕ್ಕಿರಲಿಲ್ಲ. ಜರ್ಸಿಯ ಬೆನ್ನಿಗೆ ಸಂಖ್ಯೆ ಪಿನ್ ಮಾಡಿಸಿಕೊಳ್ಳುತ್ತಿದ್ದೆ. "ಅಪ್ಪಾ, ಹೋಗು, ಇವರ ಕೆಲ್ಸ ಕೆಡಿಸ್ಬೇಡ" ಎಂದೆ. ಅವರು ಹೋಗುವಾಗ ಬಾಗಿಲನ್ನು ದಡ್ ಎಂದು ಹಾಕಿದರು. ಗಾಜು ಒಡೆದಿಲ್ಲ.

ಎರಡು ಗಂಟೆಗೆ ಸ್ಪರ್ಧೆ ಶುರುವಾಯಿತು. ಎಂಟನೇ ಸುತ್ತಿನಲ್ಲಿ ಕಾಲುವೆಯ ಪಕ್ಕದ ಎದುರುಗಾಳಿಯ ರಸ್ತೆಯಲ್ಲಿ ನಾನು ಗುಂಪನ್ನು ಬಿಟ್ಟು ಮುಂದೆ ಹೋದೆ. ಓಸ್ಟ್‌ವೆಲ್ಡೆಯ ಇನೆಕೆ ಡೆಸ್ಮೆಟ್ ಒಬ್ಬಳೇ ನನ್ನ ಹಿಂದೆ ಬಂದಳು. ವಯಸ್ಸು ಇಪ್ಪತ್ತೆಂಟು ಇರಬಹುದು. ಅವಳು ನನ್ನ ಗೆಳತಿಯಲ್ಲ. ಇಬ್ಬರೂ ಸರದಿಯಲ್ಲಿ ಗಾಳಿಗೆ ಎದೆ ಕೊಟ್ಟು ಮೂರು ಸುತ್ತು ತುಳಿದೆವು. ಹನ್ನೊಂದನೇ ಸುತ್ತು ಮುಗಿಸಲು ಉರ್ಬಾನ್ ಅವರ ಬೀದಿಗೆ ಬಂದಾಗ ಗುಂಪು ನಮಗಿಂತ ಒಂದು ನಿಮಿಷ ಹಿಂದೆ ಇತ್ತು. ಕೊನೆಯ ಸುತ್ತಿನ ಗಂಟೆ ಹೊಡೆಯುತ್ತಿದ್ದರು. ನಾನು ಮುಂದೆ ಇದ್ದೆ.

ಆ ಸಮಯದಲ್ಲಿ ಉರ್ಬಾನ್ ಕಬ್ಬಿಣದ ಬ್ಯಾರಿಕೇಡನ್ನು ಸರಿಸಿ ರಸ್ತೆಗೆ ಇಳಿದರು. ಅವರ ಕೈಯಲ್ಲಿ ಕಾಳಿನ ಡಬ್ಬ ಇತ್ತು. ಅದನ್ನು ಕುಲುಕುತ್ತಿದ್ದರು. ನಮ್ಮ ಕಡೆಗೆ ಬೆನ್ನು ಹಾಕಿದ್ದರು. ಅವರ ಮುಂದೆ ಎರಡು ಮಾರು ದೂರದಲ್ಲಿ, ರಸ್ತೆಯ ನಡುವೆ, ಒಂದು ನೀಲಿ ಹೆಣ್ಣು ಪಾರಿವಾಳ ನಿಂತಿತ್ತು. ಮೈಕಿನ ಸದ್ದಿಗೆ ಅದು ಗೂಡಿಗೆ ಇಳಿಯದೆ ಮಾಡು ಸುತ್ತಿ, ಬ್ಯಾರಿಕೇಡಿನ ಮೇಲೆ ಕೂತು, ಅಲ್ಲಿಂದ ರಸ್ತೆಗೆ ಹಾರಿತೆಂದು ಗಾಸ್ತೋನ್ ಆಮೇಲೆ ಹೇಳಿದರು. ಅಲ್ಲಿ ದಾರಿ ಕಾಯುವ ಕೆಲಸ ಗಾಸ್ತೋನ್ ಅವರದೇ. ಅವರು ಸೀಟಿ ಊದಿದರು. ಉರ್ಬಾನ್ ತಿರುಗಿ ನೋಡಲಿಲ್ಲ.

ನಾನು ಬ್ರೇಕ್ ಹಿಡಿದು ಎಡಕ್ಕೆ ಎಳೆದೆ. ಮುಂದಿನ ಚಕ್ರ ಬ್ಯಾರಿಕೇಡಿನ ಕಾಲಿಗೆ ಬಡಿದು ಬಿದ್ದೆ. ಬಲ ಮೊಣಕೈ ಮತ್ತು ತೊಡೆಯ ಚರ್ಮ ಕಿತ್ತುಹೋಯಿತು. ಇನೆಕೆ ಬಲಗಡೆಯಿಂದ ಸಾಗಿ ಹೋದಳು. ಹೋಗುತ್ತಾ, "ಅಪ್ಪನ ಮನೇಲಿ ಊಟ ಮುಗಿಸ್ಕೊಂಡು ಬಾರೇ!" ಎಂದು ಕೂಗಿದಳು.

ನಾನು ಏಳಲು ಹೋದೆ. ಆಗ ಉರ್ಬಾನ್ ನನ್ನನ್ನು ನೋಡಿದರು. ಒಂದು ಕೈ ಮುಂದೆ ಚಾಚಿ, ತಗ್ಗಿದ ದನಿಯಲ್ಲಿ, "ಅಲ್ಲಾಡ್ಬೇಡ. ಅಲ್ಲಾಡ್ಬೇಡ ಕಣೇ, ಹಕ್ಕಿ ಹಾರಿಬಿಡುತ್ತೆ" ಎಂದರು. ಆಮೇಲೆ ಪಾರಿವಾಳಕ್ಕೆ, "ಬಾ ನನ್ನ ಚಿನ್ನ, ಬಾ ಪುಟ್ಟಿ, ದಣಿದು ಬಂದಿದ್ದೀಯ" ಎಂದರು.

ತಾವು ಕೇಳಿದ್ದಕ್ಕೆ ಹೇಳುತ್ತೇನೆ: ಹೌದು, ಈ ಮಾತುಗಳನ್ನು ನಾನು ಸರಿಯಾಗಿ ಕೇಳಿದ್ದೇನೆ. ಪೂರ್ತಿ ಬರೆದುಕೊಳ್ಳಿ.

ನಾನು ಅಲ್ಲಾಡಲಿಲ್ಲ. ಹಕ್ಕಿ ಡಬ್ಬದ ಸದ್ದಿಗೆ ಹೆದರಿಯೋ ಏನೋ, ಅವರ ಕಡೆ ಹೋಗದೆ ನಡೆದುಕೊಂಡು ನನ್ನ ಕಡೆಗೇ ಬಂತು. ಕೈಗೆ ಸಿಗುವಷ್ಟು ಹತ್ತಿರ ಬಂದಾಗ ಹಿಡಿದೆ. ಕಾಲುಗಳನ್ನು ಎರಡು ಬೆರಳ ನಡುವೆ ಸೇರಿಸಿ, ಹೆಬ್ಬೆರಳು ರೆಕ್ಕೆಯ ಮೇಲೆ ಇಟ್ಟು ಹಿಡಿಯಬೇಕು. ಹಾಗೆಯೇ ಹಿಡಿದೆ. ಅದಕ್ಕೆ ನೋವಾಗಿಲ್ಲ. ಉರ್ಬಾನ್ ಕೈ ಚಾಚಿ, "ಕೊಡಮ್ಮಾ. ಬೇಗ ಕೊಡಮ್ಮಾ" ಎಂದರು. ನನ್ನನ್ನು ಅವರು ಹಾಗೆ ಕರೆಯುವುದಿಲ್ಲ.

ನಾನು ಜರ್ಸಿಯ ಝಿಪ್ ಇಳಿಸಿ, ಹಕ್ಕಿಯನ್ನು ಎದೆಯ ಮೇಲೆ ಇಟ್ಟುಕೊಂಡು, ಝಿಪ್ ಏರಿಸಿದೆ. ಸೈಕಲ್ ಎತ್ತಿ, ಕಳಚಿದ್ದ ಚೈನ್ ಹಾಕಿ, ಹತ್ತಿ ಹೊರಟೆ. ಇದನ್ನು ಕೋಪದಿಂದ ಮಾಡಿದೆ. ಕದಿಯುವ ಉದ್ದೇಶ ಇರಲಿಲ್ಲ, ಅವರ ಸಮಯ ಕೆಡಿಸುವ ಉದ್ದೇಶ ಇತ್ತು. ಹಿಂದಿನಿಂದ ಉರ್ಬಾನ್ ನನ್ನನ್ನು ಅವಾಚ್ಯ ಶಬ್ದಗಳಿಂದ ಬೈದರು. ಆ ಶಬ್ದಗಳನ್ನು ಬರೆಸುವುದಿಲ್ಲ. ಬೇಕಿದ್ದರೆ ಬೀದಿಯಲ್ಲಿ ಇದ್ದ ಯಾರನ್ನಾದರೂ ಕೇಳಬಹುದು.

ಕೊನೆಯ ಸುತ್ತಿನ ವಿವರ ಹೀಗಿದೆ. ಇನೆಕೆ ನನಗಿಂತ ಅರ್ಧ ನಿಮಿಷ ಮುಂದೆ ಇದ್ದಳು. ಎದುರುಗಾಳಿಯಲ್ಲಿ ಒಬ್ಬಳೇ ತುಳಿದರೆ ಗುಂಪು ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ನಾನು ಬರುವುದನ್ನು ಕಂಡು ವೇಗ ತಗ್ಗಿಸಿದಳು. ಕಾಲುವೆಯ ಸೇತುವೆ ದಾಟಿದ ಮೇಲೆ, ಬೀಟ್‌ಗೆಡ್ಡೆಯ ಹೊಲಗಳ ಹತ್ತಿರ ಅವಳನ್ನು ಸೇರಿದೆ. ನನ್ನನ್ನು ನೋಡಿ, "ಏನೇ ಅದು, ಎದೇಲಿ?" ಎಂದು ಕೇಳಿದಳು. ಪಾರಿವಾಳ ಎಂದೆ. "ಯಾರದ್ದು?" ಎಂದಳು. "ಅಪ್ಪಂದು" ಎಂದೆ. ಅವಳು ಸ್ವಲ್ಪ ಹೊತ್ತು ತುಳಿದು, "ಬಟಾಣಿ ಹಾಕಿ ಬೇಯಿಸು, ಚೆನ್ನಾಗಿರುತ್ತೆ. ಈಗ ಮುಂದೆ ಬಂದು ಗಾಳಿ ಹಿಡಿ" ಎಂದಳು. ಹಿಡಿದೆ.

ಹಕ್ಕಿ ಒದ್ದಾಡಲಿಲ್ಲ. ಆರುನೂರು ಕಿಲೋಮೀಟರ್ ಹಾರಿದ ಹಕ್ಕಿಗೆ ಒದ್ದಾಡುವ ಶಕ್ತಿ ಇರುವುದಿಲ್ಲ. ಅದರ ಎದೆ ಬಡಿತ ನನ್ನದಕ್ಕಿಂತ ಜೋರಾಗಿತ್ತು. ನನ್ನ ಕೋಪ ಅಷ್ಟರಲ್ಲಿ ಇಳಿದಿತ್ತು ಎಂದು ಗಾಸ್ತೋನ್ ತಮ್ಮ ಹೇಳಿಕೆಯಲ್ಲಿ ಹೇಳಿದ್ದರೆ ಅದು ತಪ್ಪು. ಇಳಿದಿರಲಿಲ್ಲ.

ಕೊನೆಯ ನಾಲ್ಕು ನೂರು ಮೀಟರ್ ನೇರ ರಸ್ತೆ. ಗುಂಪು ಹತ್ತಿರ ಬಂದಿತ್ತು. ಇನೆಕೆ ಇನ್ನೂರೈವತ್ತು ಮೀಟರ್ ಇರುವಾಗ ಪೂರ್ಣ ವೇಗ ಎತ್ತಿದಳು. ನಾನು ಅವಳ ಹಿಂಚಕ್ರಕ್ಕೆ ಅಂಟಿಕೊಂಡು ಸಾಗಿ, ಪಕ್ಕಕ್ಕೆ ಬಂದೆ. ಅವಳ ಕಾಲು ಸೋತಿತ್ತು. ಅದು ಭುಜದಲ್ಲಿ ಕಾಣುತ್ತದೆ. ಇಂಥ ಹೊತ್ತಿನಲ್ಲಿ ಹ್ಯಾಂಡಲಿನ ಕೆಳಭಾಗ ಹಿಡಿದು, ಎದೆಯನ್ನು ಹ್ಯಾಂಡಲಿಗೆ ತಾಗುವಂತೆ ಬಗ್ಗಿ ತುಳಿಯಬೇಕು. ಎದ್ದು ಕೂತು ಯಾರೂ ಗೆಲ್ಲುವುದಿಲ್ಲ. ಬೀದಿಯ ಎರಡೂ ಬದಿಯಿಂದ ಜನ, "ಬಗ್ಗು ವೀರ್ಲೆ! ಬಗ್ಗೇ!" ಎಂದು ಕೂಗುತ್ತಿದ್ದರು. ಮೈಕಿನವರೂ ಕೂಗುತ್ತಿದ್ದರು. ಉರ್ಬಾನ್ ಅವರನ್ನು ಗಾಸ್ತೋನ್ ಬ್ಯಾರಿಕೇಡಿನ ಆಚೆ ಹಿಡಿದಿಟ್ಟುಕೊಂಡಿದ್ದರು. ಉರ್ಬಾನ್ ಒಬ್ಬರೇ, "ಬಗ್ಗಬೇಡ! ಬಗ್ಗಬೇಡ್ವೇ!" ಎಂದು ಕೂಗಿದರು.

ನಾನು ಬಗ್ಗಲಿಲ್ಲ. ಅವರು ಕೂಗಿದ್ದಕ್ಕಲ್ಲ. ಅವರ ದನಿ ಕೇಳುವ ಮೊದಲೇ ಕೈಗಳನ್ನು ಹ್ಯಾಂಡಲಿನ ಮೇಲ್ಭಾಗದಲ್ಲಿ ಇಟ್ಟುಕೊಂಡಿದ್ದೆ. ಬಗ್ಗಿದ್ದರೆ ಹಕ್ಕಿಯ ಎದೆಮೂಳೆ ಮುರಿಯುತ್ತಿತ್ತು. ಹಕ್ಕಿ ನನಗೇನೂ ಮಾಡಿರಲಿಲ್ಲ.

ಇನೆಕೆ ಒಂದು ಟೈರಿನಗಲದಷ್ಟು ಮುಂದೆ ಗೆರೆ ದಾಟಿದಳು. ತೀರ್ಪುಗಾರರು ಚಿತ್ರ ನೋಡಿ ಖಚಿತಪಡಿಸಿದರು. ನನಗೆ ಎರಡನೇ ಸ್ಥಾನ. ಇನೆಕೆ ಕೈ ಕುಲುಕಲು ಬಂದು, "ನಿಮ್ಮ ಮನೆಯವರ ಥರ ನನಗೆ ಯಾರೂ ಸಹಾಯ ಮಾಡಿಲ್ಲ" ಎಂದಳು. ನಾನು ಕೈ ಕೊಡಲಿಲ್ಲ.

ಸೈಕಲ್ ತಿರುಗಿಸಿ ಗಾಸ್ತೋನ್ ಬಳಿ ಬಂದೆ. ಹಕ್ಕಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. ಉರ್ಬಾನ್ ಪಕ್ಕದಲ್ಲೇ ಇದ್ದರು. ಅವರ ಕೈಗೆ ಕೊಡಲಿಲ್ಲ, ಅದು ಬೇಕೆಂದೇ. ಅವರು ಗಾಸ್ತೋನ್ ಕೈಯಿಂದ ಕಿತ್ತುಕೊಂಡು ಹಿತ್ತಲಿಗೆ ಓಡಿದರು. ಯಂತ್ರದ ಸದ್ದು ರಸ್ತೆಗೆ ಕೇಳಿಸಿತು. ಹಕ್ಕಿ ಇಳಿದಾಗಿನಿಂದ ಸುಮಾರು ಹದಿನಾಲ್ಕು ನಿಮಿಷ ತಡ. ಸಕಾಲಕ್ಕೆ ಹಲಗೆ ತುಳಿದಿದ್ದರೆ ಪ್ರಾಂತ್ಯಕ್ಕೇ ಮೊದಲನೆಯದು ಆಗುತ್ತಿತ್ತೆಂದು ಕೆಫೆಯಲ್ಲಿ ಹೇಳುತ್ತಿದ್ದಾರೆ. ಇರಬಹುದು. ಒಳ್ಳೆಯ ಹಕ್ಕಿ.

ನಾನು ಬ್ಯಾರಿಕೇಡಿಗೆ ಒರಗಿ ನೀರು ಕುಡಿಯುತ್ತಿದ್ದೆ. ಹೆಲ್ಮೆಟ್ ತೆಗೆದಿದ್ದೆ. ಉರ್ಬಾನ್ ಹೊರಗೆ ಬಂದು, "ನಲವತ್ತು ವರ್ಷದಲ್ಲಿ ಇಂಥ ಹಕ್ಕಿ ಒಂದು ಹುಟ್ಟಿತ್ತು ನಂಗೆ" ಎಂದು ಹೇಳಿ, ಮೂರು ಹೆಜ್ಜೆ ದೂರದಿಂದ ಕಾಳಿನ ಡಬ್ಬವನ್ನು ನನ್ನ ಮುಖಕ್ಕೆ ಎಸೆದರು. ಅದು ತಗಡಿನ ಡಬ್ಬ. ಎಡ ಹುಬ್ಬಿಗೆ ತಗುಲಿತು. "ನಾನೂ ಹುಟ್ಟಿದ್ದೆ ಅಪ್ಪಾ" ಎಂದೆ. ಅವರು ಒಳಗೆ ಹೋದರು. ಊರಿನ ವೈದ್ಯರು ಮೂರು ಹೊಲಿಗೆ ಹಾಕಿದ್ದಾರೆ. ಪ್ರಮಾಣಪತ್ರ ಲಗತ್ತಿಸಿದ್ದೇನೆ. ನನ್ನ ದೂರು ಎರಡು ವಿಷಯಕ್ಕೆ: ಒಂದು, ಸ್ಪರ್ಧೆ ನಡೆಯುತ್ತಿದ್ದ ರಸ್ತೆಗೆ ಇಳಿದು ನನ್ನನ್ನು ಬೀಳಿಸಿದ್ದು. ಎರಡು, ಡಬ್ಬ ಎಸೆದು ಗಾಯ ಮಾಡಿದ್ದು.

ಸಂಜೆ ಆರು ಗಂಟೆಗೆ ನಾನು ಈ ಠಾಣೆಗೆ ಬಂದಾಗ ಉರ್ಬಾನ್ ನನಗಿಂತ ಮೊದಲೇ ಬಂದಿದ್ದರು. ನನ್ನನ್ನು ತಾವು ಹೊರಗಿನ ಬೆಂಚಿನ ಮೇಲೆ ಕೂರಿಸಿದಿರಿ. ಬಾಗಿಲು ತೆರೆದಿತ್ತು. ಅವರು ನನ್ನ ಮೇಲೆ ಪಾರಿವಾಳ ಕಳವಿನ ದೂರು ಬರೆಸುತ್ತಿದ್ದರು. ತಾವು ಅವರಿಗೆ, ತಂದೆಯ ವಸ್ತುವನ್ನು ಮಗಳು ತೆಗೆದುಕೊಂಡರೆ ಕಾನೂನು ಅದನ್ನು ಶಿಕ್ಷಿಸಬಹುದಾದ ಕಳವೆಂದು ನೋಡುವುದಿಲ್ಲ, ದೂರು ನಿಲ್ಲುವುದಿಲ್ಲ ಎಂದು ತಿಳಿಸಿದಿರಿ. ಅವರು, "ಹಂಗಾದ್ರೆ ಮಗಳಲ್ಲ ಅಂತ ಬರ್ಕೊಳ್ಳಿ" ಎಂದರು. ಹಾಗೆ ಬರೆಯಲು ಬರುವುದಿಲ್ಲ ಎಂದು ತಾವು ಹೇಳಿದಿರಿ. "ನಾನು ಹೇಳ್ತಿದ್ದೀನಲ್ಲ ಸ್ವಾಮಿ, ಸಹಿ ಹಾಕ್ತೀನಿ, ಬರ್ಕೊಳ್ಳಿ" ಎಂದರು. ಸಹಿ ಹಾಕಿ ಹೊರಗೆ ಬಂದರು. ಬೆಂಚಿನ ಮುಂದೆಯೇ ಹಾದು ಹೋದರು.

ಈ ಬಗ್ಗೆ ನನ್ನ ಅಭಿಪ್ರಾಯವನ್ನು ತಾವು ಕೇಳಿದ್ದೀರಿ. ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಉರ್ಬಾನ್ ಕಾಲೆವಾರ್ಟ್ ಅವರ ಮಗಳು. ಹಕ್ಕಿಯನ್ನು ಮಗಳಾಗಿಯೇ ತೆಗೆದುಕೊಂಡೆ. ಈ ದೂರನ್ನೂ ಮಗಳಾಗಿಯೇ ಕೊಡುತ್ತಿದ್ದೇನೆ. ಹಿಂತೆಗೆದುಕೊಳ್ಳುವುದಿಲ್ಲ.

ನಾನು ಹೇಳಿದ್ದನ್ನೇ ಇಲ್ಲಿ ಬರೆಯಲಾಗಿದೆ. ನನ್ನ ಮುಂದೆ ಓದಿ ಹೇಳಿದ್ದಾರೆ. ಒಂದೂ ಮಾತು ಸುಳ್ಳಲ್ಲ, ತಿದ್ದಬೇಕಾದದ್ದೂ ಇಲ್ಲ.

ಸ್ಥಳ: ವಾಲರ್‌ಬೇಕೆ
ದಿನಾಂಕ: 23 ಜೂನ್ 2019, ಭಾನುವಾರ

ಸಹಿ: ವೀರ್ಲೆ ಕಾಲೆವಾರ್ಟ್